ನಾನು ಕದ್ದ ಅಕ್ಷರಗಳು

ಆದೋನಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾವಿಬ್ಬರು ಮರದ ಬೋರ್ಡು ಮಾಡಿದೆವು. ಅಕ್ಷರ ಬರೆಯುವವನು ನನ್ನ ಗೆಳೆಯ. ಅವನು ಬರೆದ ಗೆರೆಯ ಮೇಲೆ ಉಳಿ ಇಟ್ಟು ಕೆತ್ತುವವನು ನಾನು. ಕನ್ನಡವಾಗಲಿ, ತೆಲುಗಾಗಲಿ, ಸಾಗವಾನಿ ಹಲಗೆಯ ಮೇಲೆ ಅವನು ಪೆನ್ಸಿಲ್ ಆಡಿಸಿದರೆ ಅಳತೆಪಟ್ಟಿ ಬೇಕಾಗುತ್ತಿರಲಿಲ್ಲ. ಹತ್ತಿ ವ್ಯಾಪಾರಿಗಳ ಮನೆ, ವಕೀಲರ ಮನೆ, ಮಠದ ಬಾಗಿಲು, ಎಲ್ಲೆಲ್ಲೂ ಅವನ ಅಕ್ಷರ. ಕೆತ್ತುವವನ ಹೆಸರು ಯಾರೂ ಕೇಳುತ್ತಿರಲಿಲ್ಲ. "ಬರದೋರು ಯಾರು?" ಎಂದೇ ಕೇಳುತ್ತಿದ್ದರು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದೆ ಬರೆಯುತ್ತೇನೆ.

ಅವನದೊಂದು ಪದ್ಧತಿ ಇತ್ತು. ಬೋರ್ಡು ಮುಗಿದ ಮೇಲೆ ಮೊದಲನೆಯ ಅಕ್ಷರದಲ್ಲಿ ಎಲ್ಲಾದರೂ ಒಂದು ಸಣ್ಣ ಚುಕ್ಕೆ ಇಡುತ್ತಿದ್ದ. ಮಗುವಿನ ಕೆನ್ನೆಗೆ ಇಡುವ ಕಪ್ಪಿನಂತೆ, ದೃಷ್ಟಿ ತಾಗದಿರಲೆಂದು. ಅದನ್ನು ನಾನು ಉಳಿಯ ಮೂಲೆಯಿಂದ ಒತ್ತಬೇಕು. ಒಂದು ಮನೆಗೆ ಇಟ್ಟ ಜಾಗದಲ್ಲಿ ಇನ್ನೊಂದು ಮನೆಗೆ ಇಡುತ್ತಿರಲಿಲ್ಲ. ಮನೆಯವರ ಮುಖ ನೋಡಿ ಜಾಗ ಗೊತ್ತುಮಾಡುತ್ತಿದ್ದ.

ನನ್ನ ಅಕ್ಕನ ಮಗ ಲೇಸರ್ ಯಂತ್ರ ತಂದು ಅಂಗಡಿ ತೆರೆದಾಗ ನಮ್ಮ ಕೆಲಸ ನಿಂತೇಹೋಗಿತ್ತು. ಗಾಜಿನ ಮುಚ್ಚಳದ ಕೆಳಗೆ ಕೆಂಪು ಚುಕ್ಕೆಯೊಂದು ಓಡಾಡುತ್ತದೆ, ಸುಟ್ಟ ಮರದ ವಾಸನೆ ಬರುತ್ತದೆ. ನಾನು ಎರಡು ದಿನ ಕೂತು ಕೆತ್ತುವುದನ್ನು ಅದು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತದೆ. ಅಳಿಯ ನನ್ನನ್ನು ಕರೆದು ಹೇಳಿದ:

"ಮಾವಾ, ಕಂಪ್ಯೂಟರಿನ ಅಕ್ಷರ ಎಲ್ಲಾ ಕಡಿ ಒಂದ ಐತಿ. ನಿಮ್ಮ ಗೆಳೆಯ ಕಾಕಾರ ಕೈಬರಹ ಸಿಕ್ಕರ ಇಡೀ ಊರು ನಮ್ಮ ಅಂಗಡಿಗೇ ಬರ್ತೈತಿ. ಕೇಳಿ ನೋಡ್ತೀರೇನು?"

"ಕೇಳಿದರ ಕೊಡಂಗಿಲ್ಲ ಅವ," ಎಂದೆ.

ಹಾಗಾಗಿ ನಾನು ಕೇಳಲಿಲ್ಲ. ಸುಳ್ಳು ಹೇಳಿದೆ. "ನನ್ನ ಮೊಮ್ಮಗಳ ಬರವಣಿಗಿ ಕೋಳಿ ಕೆದರಿದಂಗ ಐತಿ. ನಿನ್ನ ಅಕ್ಷರ ನೋಡಿ ತಿದ್ದಲಿ. ಕಾಗುಣಿತ, ಒತ್ತಕ್ಷರ, ಎಲ್ಲಾ ಬರದು ಕೊಡು," ಎಂದೆ.

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮರುದಿನವೇ ಡ್ರಾಯಿಂಗ್ ಹಾಳೆ ತಂದ. ಇಪ್ಪತ್ತು ದಿನ ಬೆಳಗಿನ ಬಿಸಿಲಲ್ಲಿ ಕೂತು ಎರಡೂ ಭಾಷೆಯ ಅಕ್ಷರ ಬರೆದ. ಹಾಳೆಗಳ ಜೊತೆ ಮೊಮ್ಮಗಳಿಗೆಂದು ಒಂದು ಪೆನ್ನನ್ನೂ ಇಟ್ಟ. ಕೊಡುವ ಮುಂಚೆ ಕನ್ನಡದ ‘ಶ್ರೀ’, ತೆಲುಗಿನ ‘ಶ್ರೀ’, ಎರಡರ ಹೊಟ್ಟೆಯಲ್ಲೂ ಒಂದೊಂದು ಚುಕ್ಕೆ ಇಟ್ಟು, "ಇಷ್ಟೊಂದು ಒಮ್ಮೆಗೇ ಬರದೀನಿ, ದೃಷ್ಟಿ ಆಗಬಾರದು ನೋಡು," ಎಂದು ನಕ್ಕ.

ಅಳಿಯ ಹಾಳೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಂದ. "ಮಾವಾ, ಇಲ್ಲೊಂದು ಕಲೆ ಐತಿ. ಅಳಿಸಲೇನು?" ಎಂದ. ಅಕ್ಷರ ಕದಿಯಲು ಹಿಂಜರಿಯದ ನನಗೆ ದೃಷ್ಟಿಚುಕ್ಕೆ ಅಳಿಸಲು ಧೈರ್ಯ ಬರಲಿಲ್ಲ. "ಇರಲಿ ಬಿಡು, ಅದನ್ನ ಮುಟ್ಟಬ್ಯಾಡ," ಎಂದೆ. ಮನೆಯ ಬೋರ್ಡೆಂದರೆ ‘ಶ್ರೀ’ ಇಲ್ಲದೆ ಶುರುವಾಗುವುದಿಲ್ಲ. ಅಂಗಡಿಯಿಂದ ಹೊರಟ ಬೋರ್ಡುಗಳೆಲ್ಲದರಲ್ಲೂ ಆ ಚುಕ್ಕೆ ಅದೇ ಜಾಗದಲ್ಲಿ ಹೋಯಿತು. ಗೆಳೆಯನ ಕಣ್ಣಿಗೆ ಬೀಳದಿರಲೆಂದು ಮೊದಮೊದಲು ಹೊರಗಿನ ಊರುಗಳ ಗಿರಾಕಿಗಳಿಗಷ್ಟೇ ಮಾಡಿಕೊಟ್ಟೆವು. ಗಿರಾಕಿಗಳು "ಎಷ್ಟು ಚಂದ ಬರದೀರಿ ಯಜಮಾನ್ರೇ" ಎಂದರೆ ನಾನು ತಲೆಯಾಡಿಸುತ್ತಿದ್ದೆ. ನಾನು ಬರೆದದ್ದಲ್ಲ ಎಂದು ಒಬ್ಬರಿಗೂ ಹೇಳಲಿಲ್ಲ.

ಮುಂದಿನ ವರ್ಷ ಆಸ್ಪರಿಯಲ್ಲಿ ಪರಿಚಯದವರ ಗೃಹಪ್ರವೇಶಕ್ಕೆ ಇಬ್ಬರೂ ಹೋದೆವು. ಅವನು ಊಟಕ್ಕೆ ಕೂರದೆ ಬಾಗಿಲ ಮುಂದೆಯೇ ನಿಂತುಬಿಟ್ಟ. ಆಮೇಲೆ ಪಕ್ಕದ ಮನೆಗೆ ಹೋಗಿ ನೋಡಿದ. ಅದರಾಚೆಯ ಮನೆಯನ್ನೂ ನೋಡಿದ. ವಾಪಸು ಬಂದು ‘ಶ್ರೀ’ಯ ಹೊಟ್ಟೆಯಲ್ಲಿ ಬೆರಳಾಡಿಸಿ, ಬೆರಳಿಗೆ ಹತ್ತಿದ ಸುಟ್ಟ ಮರದ ಕಪ್ಪನ್ನು ನನಗೆ ತೋರಿಸಿದ.

"ಮೂರೂ ಮನಿಗೆ ಒಂದ ಕಡಿ ನಾನು ಚುಕ್ಕಿ ಇಡ್ತೀನೇನಲೇ?"

ನಾನು ಊಟದ ಪಂಕ್ತಿಯ ಕಡೆ ತಿರುಗಿದೆ. ಅವನು ಅಡ್ಡ ನಿಂತ.

"ಹುಡುಗಿಗೆ ಅಂತ ಬರಸ್ಕಂಡಿ. ಆಕಿ ಒಂದು ಅಕ್ಷರನಾರ ತಿದ್ದಿದಳೇನು?"

"ಇಲ್ಲ."

"ಪೆನ್ನಾರ ಕೊಟ್ಟ್ಯೋ ಇಲ್ಲೋ?"

ಪೆನ್ನು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅವನು ಅದನ್ನೂ ನೋಡಿದ. ಊಟ ಮಾಡದೆ ಒಬ್ಬನೇ ಬಸ್ಸು ಹತ್ತಿ ಹೋದ.

ತಿಂಗಳ ನಂತರ ಅವನ ಮನೆಗೆ ಹೋದಾಗ ಬೈಯಲಿಲ್ಲ. "ಆ ಅಕ್ಷರಗಳ್ನ ಯಂತ್ರದಾಗಿಂದ ಅಳಿಸಿ ಬಾ. ಆಮ್ಯಾಲ ಕುಂದ್ರು," ಎಂದಷ್ಟೇ ಹೇಳಿದ. ನಾನು ನೇರ ಅಂಗಡಿಗೆ ಹೋದೆ. ಅಳಿಯ ಯಂತ್ರದ ಸದ್ದು ನಿಲ್ಲಿಸದೆಯೇ ಹೇಳಿದ: "ಇಲ್ಲಿ ಅಳಿಸಿದರ ಏನಾತು ಮಾವಾ? ರಾಯಚೂರಿನಿಂದ ಗುಂತಕಲ್ ತನಕ ಲೇಸರ್‌ನವರ ಗ್ರೂಪಿಗೆ ಹಾಕಿ ಆರು ತಿಂಗಳಾತು. ಎಲ್ಲಾರೂ ಇಳಿಸ್ಕಂಡಾರ."

"ನನ್ನ ಕೇಳದ ಹಾಕಿದೇನು?"

"ನೀವು ಕಾಕಾರನ್ನ ಕೇಳಿದ್ರೇನು?"

ನನಗೆ ಮೋಸವಾಯಿತೆಂದು ಮೈಯೆಲ್ಲ ಉರಿಯಿತು. ಸ್ವಂತ ಅಕ್ಕನ ಮಗ! ಆದರೆ ಆ ಸಿಟ್ಟನ್ನು ಯಾರ ಮುಂದೆ ಹೇಳಿಕೊಳ್ಳಲಿ? ಹೇಳಿಕೊಳ್ಳಲು ನನಗಿದ್ದವನು ಗೆಳೆಯನೊಬ್ಬನೇ. ಸಂಜೆ ಗೆಳೆಯನ ಬಾಗಿಲಿಗೆ ಹೋಗಿ "ಅಳಿಸಿದೆ" ಎಂದೆ. ಅವನು ಜರುಗಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ. ತಾನೇ ಒಳಗೆ ಹೋಗಿ ಚಹಾ ತಂದ. ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲವೇನೋ. ಅವನ ಎರಡೂ ಕಣ್ಣಿಗೆ ಪೊರೆ ಬಂತು. ಹೆಂಡತಿ ತೀರಿಕೊಂಡಿದ್ದಳು, ಮಗಳು ಪತ್ತಿಕೊಂಡದಲ್ಲಿದ್ದಳು. ಶಿಬಿರದಲ್ಲಿ ಕಣ್ಣು ತೋರಿಸಿ ಬರೆಸಿಕೊಂಡಿದ್ದ ಚೀಟಿ ಕೊಟ್ಟು, ಪೊರೆ ಯಾವಾಗ ತೆಗೆಯುತ್ತಾರೆಂದು ಕಣ್ಣಿನ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬರುವ ಕೆಲಸ ನನಗೆ ಒಪ್ಪಿಸಿದ. ನಾನು ಹೋಗಲಿಲ್ಲ. ಈಗ ನಮ್ಮ ಊರಿನ ಬೀದಿ ಬೀದಿಯ ಹೊಸ ಬೋರ್ಡುಗಳಲ್ಲೂ ಅವನ ‘ಶ್ರೀ’ ನೇತಾಡುತ್ತಿತ್ತು. ಕಣ್ಣು ಕಾಣಿಸಿದ ದಿನವೇ ನನ್ನ ಸುಳ್ಳು ಗೊತ್ತಾಗುತ್ತದೆ ಎಂಬ ಭಯ. "ಪೊರಿ ಇನ್ನೂ ಮಾಗಿಲ್ಲಂತ, ಮಾಗಿದ ಮ್ಯಾಲ ತೆಗಿತಾರಂತ," ಎಂದು ಹೇಳಿದೆ. ಬೇಸಿಗೆಯಲ್ಲಿ ಸೆಕೆಯ ನೆಪ, ಮಳೆಗಾಲದಲ್ಲಿ ಕೀವಿನ ನೆಪ. ತಿಂಗಳಿಗೊಮ್ಮೆ ಕೇಳುತ್ತಿದ್ದ: "ಮಾಗೈತೇನಂತ?" ಹಣ್ಣಿನ ವಿಷಯ ಕೇಳಿದಂತೆ ನಗುತ್ತಲೇ ಕೇಳುತ್ತಿದ್ದ. ಒಂದೂವರೆ ವರ್ಷ ಹೀಗೆ ನಡೆಯಿತು.

ಒಂದು ಬೆಳಿಗ್ಗೆ ತನ್ನ ಮನೆಯ ಮುಂದಿನ ಚರಂಡಿಯಲ್ಲೇ ಬಿದ್ದ. ನಾನು ಹೋದಾಗ ಮೊಣಕಾಲಿಗೆ ಅರಿಸಿನ ಮೆತ್ತಿಕೊಂಡು ಕೂತಿದ್ದ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು, "ಬಾರಲೇ. ಮಗಳಿಗೆ ಫೋನ್ ಮಾಡಬ್ಯಾಡ, ಗಾಬರಿ ಆಗ್ತಾಳ. ನೀನಿದ್ದಿ, ನನಗೇನು ಚಿಂತಿ," ಎಂದ.

ಅಲ್ಲಿಯೇ ಹೇಳಿಬಿಟ್ಟೆ. ಅಕ್ಷರ ಅಳಿಸಿಲ್ಲ ಎಂದೆ. ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿಲ್ಲ ಎಂದೆ. ನಾನು ಕೂತ ದಿಕ್ಕಿಗೆ ಮುಖ ಮಾಡಿ ಪೂರ್ತಿ ಕೇಳಿದ.

"ಅಕ್ಷರ ಹೋದರ ಹೋಗ್ಲಿ. ನಾ ಸತ್ತ ಮ್ಯಾಲ ಯಾರೋ ಒಬ್ಬರು ತಗೊಳ್ಳೋರ," ಎಂದ. ಮೊಣಕಾಲಿನ ಅರಿಸಿನ ಒತ್ತಿಕೊಳ್ಳುತ್ತ, "ನನ್ನ ಕೈ ಹಿಡದು ಸಂತಿಗೆ ಕರಕಂಡು ಹೋಗ್ತಿದ್ದೆಲ್ಲಲೇ ನೀನು. ಆ ಬೋರ್ಡುಗಳ ಮುಂದಿಂದನ ಹೋಗ್ತಿದ್ವೇನು?"

"ಹೂಂ."

"ಹೋಗು," ಎಂದ.

ಮಗಳು ಬಂದು ಪತ್ತಿಕೊಂಡಕ್ಕೆ ಕರೆದುಕೊಂಡು ಹೋದಳು. ಶಸ್ತ್ರಚಿಕಿತ್ಸೆಯಾಗಿ ವಾರದ ಮೇಲೆ ಅವಳೇ ಫೋನ್ ಮಾಡಿದಳು. ಅವನು ಅವಳಿಗೆ ಏನೂ ಹೇಳಿರಲಿಲ್ಲ ಎಂಬುದು ದನಿಯಲ್ಲೇ ತಿಳಿಯುತ್ತಿತ್ತು.

"ಕಾಕಾ, ಅಪ್ಪಗ ಕಣ್ಣು ಚೊಲೋ ಬಂದಾವ. ನೋಡಾಕ ಬರ್ತೀರೇನು ಅಂತ ನಿಮ್ಮನ್ನ ಕೇಳ್ಲೇನು ಅಂದರ, ಬ್ಯಾಡ ಅಂದ. ನಿಮಗೂ ಅವಗೂ ಏನಾರ ಆಗೈತೇನು?"

"ಮತ್ತೇನಂದ?" ಎಂದು ಕೇಳಿದೆ.

"ಏನಿಲ್ಲ. ಪೊರಿ ಯಾವಾಗ ಮಾಗಿತ್ತು ಅಂತ ಡಾಕ್ಟರಿಗೆ ಎರಡೆರಡು ಸಲ ಕೇಳಿದ. ಹೋದ ವರ್ಷನ ತಗೀಬಹುದಿತ್ತು ಅಂದ್ರು. ಹಂಗಾರ ಅವ ಖರೇ ಹೇಳ್ಯಾನ ಅಂದ ಅಪ್ಪ. ಯಾರು ಕಾಕಾ?"

ನನ್ನ ತಪ್ಪೊಪ್ಪಿಗೆಯನ್ನೂ ಅವನು ಇನ್ನೊಬ್ಬರ ಬಾಯಿಂದ ಕೇಳಿಯೇ ನಂಬಿದ್ದ. ಯಾರೆಂದು ನಾನು ಅವಳಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಫೋನ್ ಇಟ್ಟದ್ದು ನನಗೆ ತಿಳಿಯಲಿಲ್ಲ. ಬಹಳ ಹೊತ್ತು ಮಾತಾಡುತ್ತಲೇ ಇದ್ದೆ.