ದಣಿದ ಸೈನಿಕರು

ಅಂಗೈಯಲ್ಲಿ ಹಿಡಿಸುವ ಮಣ್ಣಿನ ಸೈನಿಕನ ಕಣ್ಣುಗಳ ಕೆಳಗೆ ಕೂದಲೆಳೆಯಷ್ಟು ತೆಳುವಾದ ಕಂದು ಗೆರೆ ಇರುತ್ತಿತ್ತು. ಮಹಾರಾಷ್ಟ್ರದ ಗಡಿಯೂರು ಜತ್ತದಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ಅವುಗಳ ಮೇಲೆ ನಿಲ್ಲುವ ಹಳೆಯ ಕಾಲದ ಮರಾಠಾ ಸೈನಿಕರಿಗೆ ನಮ್ಮ ಪಕ್ಕದ ಮನೆಯ ಚಿಕ್ಕಮ್ಮ, ಓಣಿಗೆಲ್ಲ ಕಾಕು, ಬಣ್ಣ ಹಚ್ಚುತ್ತಿದ್ದರು. ಮೊದಲು ಅವರೂ ಎಲ್ಲರಂತೆ ಹೊಳೆಯುವ ಕೆನ್ನೆ, ಹುರಿಮೀಸೆ ಬಿಡಿಸುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರ ಸೈನಿಕರ ಕಾಲಿಗೆ ಧೂಳು, ರುಮಾಲಿಗೆ ಮಾಸಿದ ಬಣ್ಣ ಬಂದಿತ್ತು. ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು, "ಭಾಳ ದಣದಾರ, ಪಾಪ" ಎನ್ನುತ್ತಿದ್ದರು.

ಒಂದು ಸಂಜೆ, ಅವನ್ನು ಮಾರಲು ಒಯ್ಯುವ ಅಂಗಡಿಯವರು ಬುಟ್ಟಿ ನೋಡಿ ನಕ್ಕರು. "ಏನ್ರಿ ಕಾಕು, ಇವರು ಲಡಾಯಿಗೆ ಹೊಂಟಾರೋ, ಕುರಿ ಕಾಯಾಕ ಹೊಂಟಾರೋ?"

"ಕುರಿ ಕಾಯೋರೂ ಲಡಾಯಿಗೆ ಹೋಗತಿದ್ರಲ್ರಿ," ಎಂದರು ಕಾಕು.

"ಅದು ಖರೆ. ಆದ್ರ ಹುಡುಗೂರಿಗೆ ಕೆಂಪಗ ಝಗ್ ಅನ್ನೋವು ಬೇಕು. ಹಿಂಗಿದ್ರ ನಾ ಒಯ್ಯಾಂಗಿಲ್ಲ."

ಕಾಕು ಬುಟ್ಟಿಯನ್ನು ಎತ್ತಿ ಒಳಗಿಟ್ಟರು. ಇನ್ನು ಆ ದಣಿದ ಮುಖಗಳೂ ಹೋದವು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಕುಳಿತು ರುಮಾಲುಗಳಿಗೆಲ್ಲ ಕಡುಗೆಂಪು ಬಳಿಯುತ್ತಿದ್ದರು. ಬಣ್ಣ ಕಣ್ಣ ಕೆಳಗಿನ ಗೆರೆಗೆ ಇಳಿಯದಂತೆ ಪ್ರತಿ ಸೈನಿಕನ ಮುಖಕ್ಕೂ ಎಡಗೈಯ ಹೆಬ್ಬೆರಳನ್ನು ಅಡ್ಡ ಹಿಡಿದಿದ್ದರು.