ಉಜ್ಜದೆ ಒಣಗಿಸಿದ ಡ್ರಮ್ಮು

ಹಿತ್ತಲಿನ ನೀಲಿ ಡ್ರಮ್ಮನ್ನು ಗುಜರಿಗೆ ಹಾಕೋಣ ಎಂದು ಗಂಡ ಪ್ರತಿ ಬೇಸಿಗೆಯ ಕೊನೆಗೂ ಹೇಳುತ್ತಾನೆ. ಹುಳದಕ್ಕ ಕಿವಿಗೇ ಹಾಕಿಕೊಳ್ಳುವುದಿಲ್ಲ.

ನಿವೃತ್ತಿಯಾಗಿ ವರ್ಷಗಳಾದರೂ ಬೀದಿಗೆ ಅವಳು ಹುಳದಕ್ಕನೇ. ಪುರಸಭೆಯ ಆರೋಗ್ಯ ವಿಭಾಗದಲ್ಲಿದ್ದಾಗ ಟಾರ್ಚು, ಉದ್ದ ಹಿಡಿಯ ಬಿಳಿ ಸೌಟು ಹಿಡಿದು ಮನೆಮನೆಯ ತೊಟ್ಟಿಗಳಲ್ಲಿ ಸೊಳ್ಳೆಮರಿ ಹುಡುಕುವುದು ಅವಳ ಕೆಲಸ. ಬೀದಿಯ ತುದಿಯಲ್ಲಿ ಅವಳು ಕಂಡರೆ ಸಾಕು, "ಹುಳದಕ್ಕ ಬಂದ್ಳು, ಮುಚ್ಚಳ ಹಾಕ್ರೇ!" ಎಂಬ ಕೂಗು ಮನೆಯಿಂದ ಮನೆಗೆ ಓಡುತ್ತಿತ್ತು.

ಅತ್ತೆಗಂತೂ ಅದೇ ತಮಾಷೆ. "ಊರವರ ಡ್ರಮ್ಮಿಗೆಲ್ಲ ಬಗ್ಗಿ ನೋಡ್ತೀಯ. ಒಲೆ ಮೇಲಿನ ಪಾತ್ರೆಗೂ ಒಂದ್ಸಲ ಬಗ್ಗು ತಾಯಿ, ತಳ ಹಿಡೀತಿದೆ."

ಅವಳು ಕೆಲಸದಲ್ಲಿದ್ದಾಗ ಒಂದು ವರ್ಷ ಮಳೆ ಕೈಕೊಟ್ಟಿತು. ನಲ್ಲಿ ನೀರು ಅಪರೂಪವಾದಂತೆ ಜನ ಸಿಕ್ಕಿದ್ದರಲ್ಲೆಲ್ಲ ತುಂಬಿಟ್ಟರು. ಮಳೆಯಿಲ್ಲದ ಮೇಲೆ ಸೊಳ್ಳೆ ಎಲ್ಲಿಂದ ಎಂದು ನಿಶ್ಚಿಂತರಾಗಿದ್ದವರ ಮನೆಯೊಳಗೇ ಡೆಂಗಿ ಹುಟ್ಟಿಕೊಂಡಿತು. ನೀರು ಬೆಚ್ಚಗಾದರೆ ಮರಿಗಳಿಗೆ ಬೇಗ ರೆಕ್ಕೆ ಬರುತ್ತದೆ. ಸೆಕೆಗೆ ಸೊಳ್ಳೆಯ ಮೈಯೊಳಗೆ ವೈರಸ್ಸೂ ಬೇಗ ಬಲಿಯುತ್ತದೆ.

ಡ್ರಮ್ಮು ಖಾಲಿಯಾದಾಗ ಒಳಗೋಡೆ ಉಜ್ಜಿ ತೊಳೆದು ಒಣಗಿಸಬೇಕು ಎಂಬುದು ಇಲಾಖೆಯ ಪಾಠ. "ಕುಡಿಯೋಕೇ ನೀರಿಲ್ಲ, ಡ್ರಮ್ಮಿಗೆ ಸ್ನಾನ ಮಾಡಿಸ್ಬೇಕಾ?" ಎಂದು ಪಕ್ಕದ ಮನೆಯವಳು ರೇಗಿದಾಗ ಹುಳದಕ್ಕನ ಮನಸ್ಸು ಕರಗಿತು. "ಆಯ್ತು, ಉಜ್ಜೋದು ಬಿಡಿ. ಈ ಬಿಸಿಲಿಗೆ ಒಣಗಿಸಿದ್ರೆ ಸಾಕು," ಎಂದಳು. ಬೀದಿಯಿಡೀ ಹಾಗೇ ಮಾಡಿತು, ಅವಳ ಮನೆಯೂ.

ಕೊನೆಗೆ ಮಳೆ ಬಂದಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು, ಒಣಗಿದ್ದ ಡ್ರಮ್ಮನ್ನು ಸೂರಿನ ಕೆಳಗೆ ಎಳೆದು ತುಂಬಿಸಿದರು. ಊರು ಸುತ್ತುವ ಹುಳದಕ್ಕನಿಗೆ ಸ್ವಂತ ಹಿತ್ತಲು ನೋಡಲು ಪುರುಸೊತ್ತಾಗಲಿಲ್ಲ. ಒಣಗಿಸಿದ ಡ್ರಮ್ಮಲ್ಲವೇ ಎಂಬ ಧೈರ್ಯ ಬೇರೆ.

ಕೆಲವು ವಾರಗಳಲ್ಲಿ ಅತ್ತೆ ಜ್ವರ ಬಂದು ಮಲಗಿದರು. "ಕಣ್ಣಿನ ಹಿಂದೆ ಯಾರೋ ಗುದ್ದಲಿ ಆಡಿಸ್ತಿದ್ದಾರೆ ಕಣೇ." ಆಸ್ಪತ್ರೆಗೆ ಸೇರಿಸಿದರು. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ, ಈ ವಯಸ್ಸಿಗೆ ಏನೂ ಹೇಳಲಾಗದು ಎಂದರು ಡಾಕ್ಟರು.

ಬಟ್ಟೆ ತರಲು ಮನೆಗೆ ಬಂದ ಹುಳದಕ್ಕ ಸೌಟನ್ನು ತನ್ನದೇ ಡ್ರಮ್ಮಿಗೆ ಅದ್ದಿದಳು. ಬಿಳಿ ಸೌಟಿನಲ್ಲಿ ಮರಿಗಳು ತಲೆಕೆಳಗಾಗಿ ಕುಣಿದವು. ಟಾರ್ಚು ಬಿಟ್ಟರೆ ನೀರಿನ ಮೇಲಕ್ಕೆ, ಹಳೆಯ ನೀರಿನ ಗೆರೆಯುದ್ದಕ್ಕೂ ಮಸಿಪುಡಿಯಂತೆ ಮೊಟ್ಟೆಗಳು. ಬಿಸಿಲು ಅವಕ್ಕೆ ಏನೂ ಮಾಡಿರಲಿಲ್ಲ. ಗೋಡೆಗೆ ಅಂಟಿ ಮಳೆಗಾಗಿ ಕಾದಿದ್ದವು.

ಆಸ್ಪತ್ರೆಗೆ ಮರಳಿ, ಮಂಚದ ಅಂಚಿನಲ್ಲಿ ಕೂತು ಹೇಳಿದಳು: "ಅತ್ತೆ, ಹುಳ ನಮ್ಮ ಡ್ರಮ್ಮಿನಲ್ಲೇ ಇದೆ. ಉಜ್ಜೋದು ಬೇಡ ಅಂದಿದ್ದು ನಾನೇ."

ಅತ್ತೆ ಕಣ್ಣು ತೆರೆಯಲಿಲ್ಲ. "ಅಯ್ಯೋ, ಎರಡು ದಿನದಿಂದ ಪಕ್ಕದ ಮನೆಯವಳಿಗೆ ಶಾಪ ಹಾಕ್ತಿದ್ದೆ. ಎಲ್ಲ ದಂಡವಾಯ್ತಲ್ಲೇ!" ಆಮೇಲೆ ಮೆಲ್ಲಗೆ, "ಕಚ್ಚಿದ್ದು ನಮ್ಮ ಸೊಳ್ಳೇನೋ ಅವಳದೋ, ಯಾರು ಕಂಡ್ರು? ಹೋಗು, ಎಲ್ರಿಗೂ ಹೇಳು. ನನ್ನ ಮುಖ ನೋಡ್ತಾ ಕೂತ್ರೆ ಪ್ಲೇಟ್‌ಲೆಟ್ ಏರುತ್ತಾ?"

ಹೋದಳು. ಪ್ರತಿ ಬಾಗಿಲಲ್ಲೂ "ನಾನು ಹೇಳಿದ್ದು ತಪ್ಪು, ಉಜ್ಜಿ," ಎಂದಳು. ಕೆಲವರು ಬೈದರು, ಕೆಲವರು ಅವಳೆದುರೇ ಬ್ರಷ್ ಹಿಡಿದರು. ರೇಗಿದ್ದ ಪಕ್ಕದ ಮನೆಯವಳು ಹುಳದಕ್ಕನ ಹಿತ್ತಲಿಗೂ ಬಂದು ಡ್ರಮ್ಮು ಉರುಳಿಸಲು ಕೈಜೋಡಿಸಿದಳು.

ಅತ್ತೆ ಬದುಕಿ ಬಂದರು. ಆಮೇಲಿನ ಪ್ರತಿ ಬೇಸಿಗೆಯಲ್ಲೂ ಡ್ರಮ್ಮನ್ನು ಮಲಗಿಸಿ, ಸೊಂಟದವರೆಗೆ ಅದರೊಳಗೆ ನುಗ್ಗಿ ಉಜ್ಜುತ್ತಿದ್ದರು. ಒಳಗಿನಿಂದ ದನಿ ಗುಂಯ್ ಎನ್ನುತ್ತಿತ್ತು: "ಹುಳದಕ್ಕಾ, ತಪಾಸಣೆಗೆ ಬಾರೇ!"

ಈಗ ಅವರಿಲ್ಲ. ಮೋಡ ಕಟ್ಟಿದಾಗ ಹುಳದಕ್ಕ ಬ್ರಷ್ ಹಿಡಿದು ಡ್ರಮ್ಮಿನೊಳಗೆ ತಲೆ ತೂರಿಸುತ್ತಾಳೆ. ಅತ್ತೆ ಉಜ್ಜಿದ ಗೀರುಗಳು ನೀರಿನ ಗೆರೆಯುದ್ದಕ್ಕೂ ಇನ್ನೂ ಇವೆ. ಅವುಗಳ ಮೇಲೆಯೇ ಉಜ್ಜುತ್ತಾಳೆ.

"ಮುಗೀತಾ?" ಎಂದು ಗಂಡ ಹೊರಗಿನಿಂದ ಕೇಳುತ್ತಾನೆ.

"ತಡೀರಿ," ಎನ್ನುತ್ತಾಳೆ. ತನ್ನ ದನಿಯೂ ಗುಂಯ್ ಎಂದದ್ದು ಕೇಳಿ, ಒಳಗೇ ನಗುತ್ತಾಳೆ.