ಗ್ಲೌಸು ಎಸೆದವಳ ಹೆಸರು

ಇವತ್ತು ಬೆಳಿಗ್ಗೆ ಮಂಡ್ಯದ ಮೈದಾನದಲ್ಲಿ ಒಬ್ಬ ಹುಡುಗಿ ಸುಲಭದ ಕ್ಯಾಚ್ ಬಿಟ್ಟು, ಆ ಸಿಟ್ಟಿಗೆ ಕೈಯ ಗ್ಲೌಸು ಕಿತ್ತು ನೆಲಕ್ಕೆ ಬಡಿದಳು. ಧೂಳೆದ್ದಿತು. ಜಿಲ್ಲೆಯ ಸಾಫ್ಟ್‌ಬಾಲ್ ತಂಡ ಆರಿಸಲು ಕೂತ ಮೂವರಲ್ಲಿ ನಾನೂ ಒಬ್ಬಳು, ಕೊರಳಲ್ಲಿ ಸೀಟಿ ಬೇರೆ. ತಕ್ಷಣ ತಲೆ ಬಗ್ಗಿಸಿ 'ತಾಳ್ಮೆ ಸಾಲದು' ಎಂದು ಬರೆದು ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಮನೆಗೆ ಬಂದು ಉಂಡು ಕೂತರೆ ಆ ಗೆರೆ ಹಲ್ಲಿನ ಸಂದಿಗೆ ಸಿಕ್ಕ ಕಬ್ಬಿನ ಸಿಬಿರಿನಂತೆ ಕಾಡುತ್ತಿದೆ. ಕೊನೆಯ ಪಟ್ಟಿ ನನ್ನ ಕೈಯಲ್ಲೇ ಇದೆ, ಸಂಜೆ ಐದಕ್ಕೆ ಕಳಿಸಬೇಕು. ಅಷ್ಟರೊಳಗೆ ನಿಮ್ಮ ಹತ್ತಿರ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ.

ಸಾಫ್ಟ್‌ಬಾಲ್ ಹೆಸರಿಗಷ್ಟೇ ಮೆತ್ತಗೆ. ಮೊಣಕಾಲಿಗೆ ತಗುಲಿದವರು ಆ ಹೆಸರಿಟ್ಟವನನ್ನು ಇಂದಿಗೂ ಹುಡುಕುತ್ತಿದ್ದಾರೆ. ನಾನು ಆಡುತ್ತಿದ್ದದ್ದು ಔಟ್‌ಫೀಲ್ಡಿನಲ್ಲಿ, ಅಂದರೆ ಬ್ಯಾಟು ಹಿಡಿದವಳಿಂದ ಬಹುದೂರ, ಮೈದಾನದ ಕೊನೆಯಲ್ಲಿ. ಅಲ್ಲಿ ಮುಕ್ಕಾಲು ಹೊತ್ತು ಕೆಲಸವಿಲ್ಲ. ಬರುವುದೇ ಒಂದೋ ಎರಡೋ ಚೆಂಡು, ಬಿಟ್ಟರೆ ಊರಿಗೆಲ್ಲ ಕಾಣುತ್ತದೆ. ಬಿಟ್ಟ ಮೇಲೆ ಅದನ್ನೇ ನೆನೆನೆನೆದು ಕುದಿಯಲು ಬೇಕಾದಷ್ಟು ಪುರುಸೊತ್ತು. ಸಿಟ್ಟು ಸಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಈ ನಿಲ್ಲುವ ಕೆಲಸ ನನಗೆ ಕಲಿಸಿದ್ದು ಯಾವ ಕೋಚೂ ಅಲ್ಲ, ನಮ್ಮಜ್ಜಿ. ಕೆರಗೋಡಿನ ಹತ್ತಿರ ನಮ್ಮ ಗದ್ದೆ. ಭತ್ತಕ್ಕೆ ಹಾಲು ತುಂಬುವ ಕಾಲಕ್ಕೆ ಗುಬ್ಬಿ ಕಾಯಲು ನಾವಿಬ್ಬರೂ ಬದುವಿನ ಮೇಲೆ ನಿಲ್ಲುತ್ತಿದ್ದೆವು. ಅಜ್ಜಿ 'ಹೋಯ್' ಎಂದು ಕೂಗುವುದು, ನಾನು ಮಣ್ಣಿನ ಹೆಂಟೆ ಬೀಸುವುದು. ಗುಬ್ಬಿಗಳು ಒಂದು ಕಡೆ ತಿಂದು ಹಾರಿಹೋದರೆ ನನಗೆ ಅಳು ಬರುವಷ್ಟು ರೋಷ. ಖಾಲಿಯಾದ ಜಾಗಕ್ಕೇ ಇನ್ನೂ ನಾಲ್ಕು ಹೆಂಟೆ ಎಸೆಯುತ್ತಿದ್ದೆ.

"ತಿಂದಿದ್ ತಿಂದ್ಕಂಡ್ ಓಯ್ತು ಬುಡಮ್ಮಿ," ಎನ್ನುತ್ತಿದ್ದಳು ಅಜ್ಜಿ. "ಅಲ್ಲೇ ನೋಡ್ಕಂಡ್ ನಿಂತ್ರೆ ಇತ್ಲಾಗ್ ಇನ್ನೊಂದ್ ಇಂಡು ಇಳೀತದೆ. ಮುಂದ್ಕೆ ನೋಡು."

ಆ ಮಾತು ಗದ್ದೆಗೆ ಮಾತ್ರ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ.

ಕಾಲೇಜಿಗೆ ಬಂದ ಮೇಲೆ ಹೆಂಟೆ ಬೀಸಿದ ಕೈಯೇ ನನ್ನನ್ನು ರಾಜ್ಯ ತಂಡದ ಆಯ್ಕೆ ಪಂದ್ಯದವರೆಗೆ ಕರೆತಂದಿತು. ಅಂದು ಅಜ್ಜಿಯೂ ಬಂದಿದ್ದಳು. ಕುರ್ಚಿ ಕೊಟ್ಟರೆ ಬೇಡವೆಂದು, ಎಲೆಯಡಿಕೆ ಚೀಲ ಹಿಡಿದು ಸೀದಾ ಬಂದು ನನ್ನ ಬೆನ್ನ ಹಿಂದೆ, ಹಗ್ಗದ ಆಚೆ ಕೂತಳು. ಮೂರನೆಯ ಸರದಿಯಲ್ಲಿ ಚೆಂಡು ಎತ್ತರಕ್ಕೆ ಎದ್ದು ನನ್ನ ಕಡೆಗೇ ಬಂತು. ನಾನು ಕೆಳಗೆ ನಿಂತು ಕಾದಿದ್ದೆ. ಆಕಾಶದಿಂದ ಏನೋ ಮೊಮ್ಮಗಳ ಮೇಲೆ ಇಳಿಯುತ್ತಿದೆ ಎಂದು ಕಂಡದ್ದೇ ತಡ, ಅಜ್ಜಿ ಹಳೆಯ ಅಭ್ಯಾಸದಲ್ಲಿ "ಹೋಯ್!" ಎಂದು ಕೂಗಿಬಿಟ್ಟಳು. ಗುಬ್ಬಿಯಾಗಿದ್ದರೆ ಹೆದರುತ್ತಿತ್ತು. ಚೆಂಡು ಹೆದರಲಿಲ್ಲ, ನಾನು ಹೆದರಿದೆ.

ಬಿತ್ತು. ಗ್ಲೌಸು ಕಿತ್ತು ನೆಲಕ್ಕೆ ಬಡಿದೆ. ಎಲ್ಲರೆದುರು "ಯಾಕಜ್ಜಿ ಬಂದೆ ನೀನು!" ಎಂದು ಅರಚಿದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ, ಮುಖ ಕೂಡ ಎತ್ತದೆ, "ತಿಂದಿದ್ ತಿಂದ್ಕಂಡ್ ಓಯ್ತು, ಮುಂದ್ಕೆ ನೋಡಮ್ಮಿ," ಎಂದಳು. ಕೂಗಿದವಳೇ ಬುದ್ಧಿ ಹೇಳುತ್ತಿದ್ದಾಳಲ್ಲ ಎಂದು ನನಗೆ ನಗು ಬಂತು. ಬಗ್ಗಿ ಗ್ಲೌಸು ಎತ್ತಿಕೊಂಡೆ. ಮುಂದಿನ ಚೆಂಡು ಹಿಡಿದು ಬೀಸಿದ ಬೀಸಿಗೆ, ಓಡಿ ಬರುತ್ತಿದ್ದವಳು ಗುರಿ ಮುಟ್ಟುವ ಮೊದಲೇ ಔಟು. ಗೆದ್ದೆವು.

ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. "ಗ್ಲೌಸು ಬಿಸಾಡುವ ಹುಡುಗಿ ಬೇಡ," ಎಂದರಂತೆ ಆರಿಸುವವರು. ತಾಳ್ಮೆಯ ಪಾಠ ಹೇಳಿದ ನಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಮೇಜಿನ ಮುಂದೆ ನಿಂತಳು.

"ಏನ್ಸಾಮಿ, ಸಿಟ್ಟೇ ಬರ್ದೋಳು ಗದ್ದೆ ಕಾದಾಳಾ? ಬದಿನ್ ಮ್ಯಾಲೆ ಗೊರ್ಕೆ ಒಡೀತಾಳೆ. ಕೂಗಿದ್ ನಾನು. ಬಿಸಾಕಿದ್ನ ನೋಡುದ್ರಿ, ಬಗ್ಗಿ ಎತ್ಕಂಡಿದ್ನ ನೋಡುದ್ರಾ?"

ಅವರು ಕಾಗದ ಮಡಿಚಿಕೊಂಡು ಎದ್ದರು. ನಾನೇ ಅಜ್ಜಿಯ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆತಂದೆ; ದಾರಿಯುದ್ದಕ್ಕೂ ಅವಳು ಬೈದಳು, ನಾನು ಸಮಾಧಾನ ಮಾಡಿದೆ. ಮುಂದಿನ ವರ್ಷ ನನ್ನ ಹೆಸರು ಬಂತು. ರಾಜ್ಯದ ಅಂಗಿ ತೊಟ್ಟು ಊರಿಗೆ ಬಂದಾಗ ತೋರಿಸಲು ಅಜ್ಜಿ ಇರಲಿಲ್ಲ. ಒಂದು ವರ್ಷ ಏನು ಮಹಾ ಎನ್ನುವವರ ಜೊತೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ.

ಈಗ ನಾಲ್ಕೂ ಮುಕ್ಕಾಲು. ಈ ಬೆಳಗಿನ ಹುಡುಗಿ ಗ್ಲೌಸು ಎತ್ತಿಕೊಂಡಳೇ? ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನಾನು ತಲೆ ಬಗ್ಗಿಸಿ ಗೆರೆ ಎಳೆಯುತ್ತಿದ್ದೆ.

ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಬೆಸಗರಹಳ್ಳಿಯಿಂದ ಅವಳ ತಾಯಿ ಎತ್ತಿದರು. ನಾನು ಯಾರೆಂದು ಹೇಳಿ, ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ.

"ಅವ್ಳು ಬಂದಾಗ್ಲಿಂದ ಉಂಡಿಲ್ಲ ಮೇಡಮ್ಮೋರೆ. ಗ್ಲೌಸ್ ದಾರ ಕಿತ್ತೋಗದೆ ಅಂತ ದಬ್ಬಣ ಇಡ್ಕಂಡು ಒಲೀತಾ ಕುಂತವ್ಳೆ."

"ಹೊಲಿದು ಮುಗಿಸಲಿ," ಎಂದೆ. "ಆಮೇಲೆ ಹೊಟ್ಟೆ ತುಂಬ ಉಣ್ಣಿಸಿ. ಸೋಮವಾರ ಬೆಳಿಗ್ಗೆ ಆರಕ್ಕೆ ತಂಡದ ಜೊತೆ ಮೈದಾನದಲ್ಲಿರಬೇಕು."